ಹದಿನಾರನೇ ಮೀಟರು

ಏಪ್ರಿಲ್ ೯, ಬೆಳಿಗ್ಗೆ ೬

ಮೈನಸ್ ಇಪ್ಪತ್ತೈದು. ಕಂಪ್ರೆಸರ್ ಎರಡೂ ಓಡುತ್ತಿವೆ. ಬಾಗಿಲಿನ ರಬ್ಬರ್ ಸರಿಯಿದೆ.

ಇಡೀ ವ್ಯವಹಾರಕ್ಕೆ ತಗುಲಿದ್ದು: ಧ್ರುವದ ಹಿಮದ ಬಯಲಿನಲ್ಲಿ ಎಪ್ಪತ್ತೊಂದು ದಿನ. ಹೊಟ್ಟೆನೋವು ಆರು ದಿನ. ಆಸ್ಪತ್ರೆಗೆ ಒಯ್ಯಲು ಬಂದ ವಿಮಾನ ಬಿರುಗಾಳಿಗೆ ಇಳಿಯಲಾಗದೆ ವಾಪಸ್ಸಾದದ್ದು ಎರಡು ಸಲ. ತಂಗಿ ಒಬ್ಬಳು.

ಬಂದದ್ದು: ಅವಳು ಕೊರೆದು ತೆಗೆದ ಹಿಮ, ನಲವತ್ತೆರಡು ಪೆಟ್ಟಿಗೆ. ನನ್ನ ಕೋಲ್ಡ್ ಸ್ಟೋರೇಜಿನಲ್ಲೇ ಇಳಿಸಿದ್ದಾರೆ. ಊರಲ್ಲಿ ಇಷ್ಟು ತಣ್ಣಗಿನ ಕೋಣೆ ಇನ್ನೊಂದಿಲ್ಲ— ಹಾಗಂತ ಕೊಚ್ಚಿಕೊಂಡು ತಿರುಗಿದವನೂ ನಾನೇ.

ಏಪ್ರಿಲ್ ೧೧

ಫ್ರಿಜ್ ರಿಪೇರಿ ಮಾಡಿ ತಂಗಿ ಪುಟ್ಟಿಯನ್ನು ಓದಿಸಿದವನು ನಾನು. ಐಸ್ ವಿಷಯದಲ್ಲಿ ನಾನೇ ಪಂಡಿತ ಎಂದುಕೊಂಡಿದ್ದೆ. ಹೊರಡುವ ಹಿಂದಿನ ದಿನ ಪಾಠ ಮಾಡಿದಳು.

"ಅಣ್ಣಾ, ನಿನ್ನ ಐಸ್ ನೀರಿಂದ ಆಗೋದು. ಅಲ್ಲಿಯದು ಬರೀ ಭಾರದಿಂದ."

"ನೀರಾಗದೆ ಗಡ್ಡೆಯಾಗುತ್ತಾ? ಯಾರ ಕಿವಿ ಮೇಲೆ ಹೂ ಇಡ್ತೀಯೇ?"

"ಈ ವರ್ಷದ ಹಿಮ ಹೋದ ವರ್ಷದ್ದರ ಮೇಲೆ ಕೂರುತ್ತೆ, ಅದುಮುತ್ತೆ. ಕಾಳಿಗೆ ಕಾಳು ಅಂಟುತ್ತೆ. ಸಂದಿನಲ್ಲಿ ಗಾಳಿ ಮಾತ್ರ ಓಡಾಡ್ತಾನೇ ಇರುತ್ತೆ. ಎಪ್ಪತ್ತು ಮೀಟರ್ ಕೆಳಗೆ ಹೋದ್ಮೇಲೆ ಸಂದು ಮುಚ್ಚಿ, ಗಾಳಿ ಗುಳ್ಳೆಯಾಗಿ ಒಳಗೇ ಉಳಿಯುತ್ತೆ. ಆಮೇಲೇ ಅದು ಐಸ್. ನೂರು ವರ್ಷ ಬೇಕು."

"ನೂರು ವರ್ಷ ಯಾವ ಗಿರಾಕಿ ಕಾಯ್ತಾನೆ?"

ಬ್ಯಾಗ್ ಬಿಟ್ಟು ನೆಲದ ಮೇಲೆ ಕೂತು ನಕ್ಕಿದ್ದಳು.

ಏಪ್ರಿಲ್ ೧೪, ಮಧ್ಯಾಹ್ನ

ಒಂಬತ್ತನೇ ಪೆಟ್ಟಿಗೆ. ಅವಳ ಅಕ್ಷರ: ಹದಿನಾರನೇ ಮೀಟರು. ಪಕ್ಕದಲ್ಲಿ ಹಿಮ ಬಿದ್ದ ವರ್ಷ. ಅವಳು ಹುಟ್ಟಿದ ವರ್ಷವೇ.

ತೆಗೆದೆ. ತೋಳುದ್ದದ ಬಿಳಿ ಕೊರಡು. ಪ್ಯಾಕಿಂಗ್ ಕೋಣೆಗೆ ತಂದು ಗ್ಲೌಸ್ ಬಿಚ್ಚಿ ಎದೆಗವಚಿಕೊಂಡೆ. ಹತ್ತು ನಿಮಿಷ. ಸ್ವೆಟರ್ ಒದ್ದೆಯಾದಾಗ ಎಚ್ಚರ. ಗೋಡೆಯ ಮೇಲೆ ನಾನೇ ಅಂಟಿಸಿದ ಬೋರ್ಡು— 'ಸರಕನ್ನು ಹೊರಗೆ ನಿಲ್ಲಿಸಬೇಡಿ'. ಇಪ್ಪತ್ತೆರಡು ವರ್ಷದಲ್ಲಿ ಕೆಲಸದವರು ಯಾರೂ ಮಾಡದ ತಪ್ಪು.

ಒಳಗಿಟ್ಟು ಬಂದೆ.

ಮೇ ೨

ಕನ್ನಡಕದ ಹುಡುಗಿ ಬಂದಳು. ಧ್ರುವದ ಶಿಬಿರದಲ್ಲಿ ಪುಟ್ಟಿಯ ಪಕ್ಕದ ಹಾಸಿಗೆಯವಳು. ಅರ್ಧಕ್ಕೆ ನಿಂತ ಪುಟ್ಟಿಯ ಸಂಶೋಧನಾ ಪ್ರಬಂಧವನ್ನು ಇವಳೇ ಮುಗಿಸುತ್ತಾಳೆ, ಇಬ್ಬರ ಹೆಸರಿನಲ್ಲಿ. ತುಂಡುಗಳನ್ನು ಒಂದೊಂದಾಗಿ ದೀಪದ ಮೇಲಿಟ್ಟು ನೋಡುತ್ತಿದ್ದವಳು ಒಮ್ಮೆಲೇ ಕೂಗಿದಳು.

"ಅಣ್ಣಾ, ಇಲ್ನೋಡಿ! ಗಾಜಿನ ಥರ ಪಟ್ಟಿ! ಈ ತುಂಡಿನ ವರ್ಷ ಬೇಸಿಗೇಲಿ ಅಲ್ಲಿ ಹಿಮ ಕರಗಿತ್ತು ಅಂತ ಪುಟ್ಟಿ ಬಡ್ಕೊಂಡ್ಲು, ದೊಡ್ಡ ವಿಜ್ಞಾನಿಗಳೆಲ್ಲ ನಕ್ಕುಬಿಟ್ರು. ಕರಗಿ ಮತ್ತೆ ಹೆಪ್ಪುಗಟ್ಟಿದ್ರೇನೇ ಹೀಗಾಗೋದು. ಗೆದ್ಲು ಕಣಣ್ಣಾ!"

ಒಂಬತ್ತನೇ ಪೆಟ್ಟಿಗೆ.

ಬಾಯಿ ಮಾರಿ ಬದುಕಿದವನು ನಾನು. ಕಂಪ್ರೆಸರ್ ನೋಡಿ ಬರುತ್ತೇನೆ ಎಂದು ಹೊರಬಿದ್ದೆ.

ಮೇ ೩

ನಿದ್ದೆಯಿಲ್ಲ. ಸುಮ್ಮನಿದ್ದರೆ ಪುಟ್ಟಿ ಗೆಲ್ಲುತ್ತಾಳೆ. ಯಾರಿಗೆ ನಷ್ಟ?

ಮೇ ೭

ನನ್ನ ಎದೆಯ ಬಿಸಿಯನ್ನು ಅವಳ ಹೆಸರಿನಲ್ಲಿ ಬೇಸಿಗೆ ಅಂತ ಅಚ್ಚು ಹಾಕಿಸುವುದೇ...

ಮೇ ೮, ಸಂಜೆ

ಹೇಳಿದೆ. "ಅದು ಬೇಸಿಗೆ ಅಲ್ಲಮ್ಮಾ. ನಾನು."

ಅವಳು ಗರಗಸ ಕೆಳಗಿಟ್ಟಳು. "ಎಷ್ಟು ಹೊತ್ತು?"

"ಹತ್ತು ನಿಮಿಷ."

"ಗ್ಲೌಸ್?"

"ಇಲ್ಲ."

"ಪುಟ್ಟಿ ಇದ್ದಿದ್ರೆ ಚರ್ಮ ಸುಲಿದಿರೋಳು."

"ಸುಲೀಲಿ ಅಂತಾನೇ ಕಾಯ್ತಿದ್ದೀನಿ."

ಕನ್ನಡಕ ತೆಗೆದು ಒರೆಸಿದಳು. ನಾನೇ ಕೇಳಿದೆ. "ಅವಳು ಹುಟ್ಟಿದ ವರ್ಷದ ಗಾಳಿ ಇದರೊಳಗೆ ಇದೆಯಲ್ವಾ?"

"ಇಲ್ಲಣ್ಣಾ. ಹದಿನಾರು ಮೀಟರಲ್ಲಿ ಸಂದು ಮುಚ್ಚಿರಲ್ಲ. ಇದಿನ್ನೂ ಐಸೇ ಆಗಿಲ್ಲ. ಈಗ ಒಳಗಿರೋದು ನಿಮ್ಮ ಕೋಣೆ ಗಾಳಿ."

ಮೂವತ್ತೊಂದು ವರ್ಷ. ಹಿಮಕ್ಕೆ ಅದು ಯಾತಕ್ಕೂ ಸಾಲದು.

ಮೇ ೨೦

ಪ್ರಬಂಧ ಅಚ್ಚಿಗೆ ಹೋಯಿತು. ಯಾರಿಗೆ ಏನು ದಕ್ಕಿತು:

ಕನ್ನಡಕದವಳಿಗೆ ನಲವತ್ತೊಂದು ಒಳ್ಳೆಯ ಪೆಟ್ಟಿಗೆ.

ನಕ್ಕ ದೊಡ್ಡವರಿಗೆ ಅವರ ನಗು.

ಪುಟ್ಟಿಗೆ ಪ್ರಬಂಧದ ಮೇಲೆ ಮೊದಲ ಹೆಸರು. ಅವಳ ವರ್ಷದ ಎದುರು ಖಾಲಿ ಜಾಗ.

ನನಗೆ ಹದಿನಾರನೇ ಮೀಟರು. ಯಾರಿಗೂ ಬೇಡವಾದದ್ದು, ಇಟ್ಟುಕೊಳ್ಳಿ ಎಂದಳು. ಇಟ್ಟಿದ್ದೇನೆ. ಗ್ಲೌಸ್ ಹಾಕಿಯೇ ಮುಟ್ಟುತ್ತೇನೆ. ಇವತ್ತು ಮಾತ್ರ ಗ್ಲೌಸ್ ಬಿಚ್ಚಿಟ್ಟೆ.