ಮೂಗಿಗೆ ಬಾರದ ವಾಸನೆ

ಸೋಮವಾರ ಬೆಳಿಗ್ಗೆ
ಆಸ್ಪತ್ರೆಯ ಬೆಂಚಿನ ಮೇಲಿಂದ

ಮೈ ಡಿಯರ್ ಕಡ್ಡಿ ಪೈಲ್ವಾನ,

ಆಶೀರ್ವಾದ. ಈ ಹೆಸರು ನಿನಗಿಟ್ಟವಳು ನಮ್ಮವಳು. ಅವಳು ಹೋದ ಮೇಲೆ ಅಪ್ಪ-ಮಗ ಇಬ್ಬರೂ ನಿನ್ನನ್ನು ಹಾಗೇ ಕರೆಯುತ್ತಾ ಬಂದೆವು. ನೀನು ಫೋನ್ ಎತ್ತುತ್ತಿಲ್ಲ. ಬಂದು ಬಾಗಿಲು ತಟ್ಟಿದರೆ ಒಳಗೆ ಫ್ಯಾನ್ ತಿರುಗುವ ಸದ್ದು, ನೀನು ಮಾತ್ರ ಇಲ್ಲ! ಇರಲಿ. ಅದಕ್ಕೇ ಈ ಲೆಟರ್.

ನಿನ್ನ ಗೆಳೆಯ ಬದುಕಿದ್ದಾನೆ. ಮೊದಲು ಅದನ್ನೇ ಬರೆಯಬೇಕಿತ್ತು ನೋಡು, ನನ್ನ ತಲೆ ನೆಟ್ಟಗಿಲ್ಲ. ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ಬಲಗೈ ಎತ್ತಲಾರ, ಮಾತಿಲ್ಲ. ಸ್ಟ್ರೋಕ್ ಅಂದರು. ಅದೆಲ್ಲ ನನ್ನಂಥ ಮುದುಕರಿಗೆ ಬರೋದಲ್ವಾ ಡಾಕ್ಟ್ರೇ ಎಂದೆ. ಡಾಕ್ಟರಮ್ಮ ನಗಲಿಲ್ಲ. ಗಾಂಜಾ ಸೇದ್ತಿದ್ನಾ ಎಂದು ಕೇಳಿದರು. ನಮ್ಮ ಹುಡುಗನಾ? ಇಂಪಾಸಿಬಲ್ ಮೇಡಂ ಎಂದೆ. ಅವರು ಅವನನ್ನೇ ಕೇಳಿದರು, ಹೌದಾದ್ರೆ ಅಪ್ಪನ ಬೆರಳು ಒತ್ತು ಅಂತ. ಎಡಗೈಯಲ್ಲಿ ಒತ್ತಿದ. ಪೈಲ್ವಾನನೂ ಜೊತೆಗಿದ್ನಾ ಎಂದು ನಾನು ಕೇಳಿದೆ. ಮತ್ತೆ ಒತ್ತಿದ. ಬಿಡಲೇ ಇಲ್ಲ.

ಅವಳಿದ್ದಿದ್ದರೆ! ಪಕ್ಕದ ಮನೆಯ ಹಾಲು ಸೀದರೂ ಅವಳ ಮೂಗಿಗೆ ಗೊತ್ತಾಗುತ್ತಿತ್ತು. ನನ್ನ ಮೂಗೋ, ಜೀವಮಾನವಿಡೀ ಕುರ್ಚಿ ಮೇಜುಗಳಿಗೆ ಪಾಲಿಶ್ ಹೊಡೆದು, ಥಿನ್ನರ್ ವಾಸನೆಗೆ ಎಂದೋ ಸತ್ತಿದೆ. ಮಗ ದಿನಾ ನನ್ನ ಮಗ್ಗುಲಲ್ಲೇ ಕೂತು ಉಣ್ಣುತ್ತಿದ್ದ.

ಇದೊಂದರಿಂದಲೇ ಆಯ್ತು ಅಂತ ಆಣೆ ಮಾಡಲಾರೆ ಎಂದರು ಡಾಕ್ಟರಮ್ಮ. ಆದರೆ ಆ ಹೊಗೆ ಎದೆಬಡಿತ, ಬಿ.ಪಿ. ಎರಡನ್ನೂ ಏರಿಸುತ್ತದಂತೆ, ರಕ್ತನಾಳ ಕೆಡಿಸುತ್ತದಂತೆ. ಹಾರ್ಟ್ ಅಟ್ಯಾಕು, ಸ್ಟ್ರೋಕು ಎರಡರ ಅಪಾಯವೂ ಹೆಚ್ಚಂತೆ, ಎಳೆ ವಯಸ್ಸು ಅಂತ ಬಿಡೋದಿಲ್ಲವಂತೆ. ಸೊಪ್ಪು ತಾನೇ, ಏನಾಗತ್ತೆ ಅನ್ನೋರನ್ನೇ ನಾವಿಲ್ಲಿ ಮಲಗಿಸ್ಕೊಳ್ಳೋದು ಎಂದರು.

ಆಗ ನೀನು ನೆನಪಾದೆ. ಹೋದ ವಾರ ಮಗ ಊಟಕ್ಕೆ ಕೂತು ಹೇಳಿದ್ದ: ಪೈಲ್ವಾನ ಟೆರೇಸ್ ಮೆಟ್ಟಿಲ ಮೇಲೆ ಎದೆ ಹಿಡ್ಕೊಂಡು ಕೂತ್ಬಿಟ್ಟ ಅಪ್ಪ, ಎಡಗೈ ಜುಮ್ ಅಂತಿದೆ ಅಂತಾನೆ, ಆಗ್ಲೇ ತಾತ ಆಗೋದ ಅಂತ. ನಾನೂ ನಕ್ಕಿದ್ದೆ. 

ಮಗನೇ, ನಾನು ಪೊಲೀಸಲ್ಲ. ಯಾರು ತಂದಿದ್ದು ಅಂತ ಕೇಳೋದಿಲ್ಲ. ನಿನ್ನ ಮೇಲೆ ಸಿಟ್ಟೂ ಇಲ್ಲ. ಇತ್ತು, ನಿನ್ನೆ. ಆ ಸೊಪ್ಪನ್ನಿನ್ನು ಮುಟ್ಟಬೇಡ. ಬಂದು ಇ.ಸಿ.ಜಿ. ಮಾಡಿಸಿಕೋ, ನಾನು ಪಕ್ಕದಲ್ಲೇ ನಿಂತಿರ್ತೀನಿ. ನಿಮ್ಮಮ್ಮನ ಹತ್ತಿರ ಬಾಯಿ ಬಿಡೋದಿಲ್ಲ, ವರ್ಡ್ ಆಫ್ ಆನರ್. ಹಿರಿಯ ಅನ್ನೋದನ್ನು ಪಕ್ಕಕ್ಕಿಟ್ಟು ನಿನ್ನ ಕಾಲಿಗೆ ಬೀಳ್ತೀನಿ, ಬಾ. ಇನ್ನೊಂದು ಹಾಸಿಗೆಯ ಪಕ್ಕ ಕೂರುವ ಶಕ್ತಿ ನನಗಿಲ್ಲ.

ಯುವರ್ಸ್ ಒಬೀಡಿಯಂಟ್ಲಿ, ಕಾಲೇಜಿನಲ್ಲಿ ಹೀಗೇ ಕಲಿಸಿದ್ದು,
ನಿನ್ನ ಗೆಳೆಯನ ಅಪ್ಪ

ಪಿ.ಎಸ್.: ಬಾಯಿ ಬಿಡೋದಿಲ್ಲ ಅಂದೆ, ಬಿಟ್ಟಿಲ್ಲ. ಆದರೆ ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿದ ಕಾಗದವನ್ನು ಮೊದಲು ಎತ್ತಿಕೊಳ್ಳುವವರು ಯಾರೆಂದು ನನಗೆ ಗೊತ್ತು. ಲಕೋಟೆಗೆ ಅಂಟು ಹಚ್ಚಿಲ್ಲ. ಪೈಲ್ವಾನನ ತಾಯೀ, ನಿಮ್ಮ ಮೂಗಿಗೆ ಅನುಮಾನ ಬಂದೇ ಇರಬೇಕು. ಬೈಯೋದು, ಅಳೋದು ಎಲ್ಲ ಆಮೇಲೆ. ಈಗಲೇ ಗಾಡಿ ಹಿಡಿದು ಅವನನ್ನು ಕರ್ಕೊಂಡು ಬನ್ನಿ.