ರತ್ನಾಳಿಗೆ ಸಿಕ್ಕ ನಿನ್ನ ಗಂಡ

ಜಯಕ್ಕಾ,

ಹೋದ ತಿಂಗಳಿಗೆ ನಿನ್ನ ಗಂಡ ಕುಡಿತ ಬಿಟ್ಟು ಒಂದು ವರ್ಷವಾಯಿತು. ಇದನ್ನು ನಿನಗೆ ಸಂತೋಷದಿಂದ ಬರೆಯಬೇಕಿತ್ತು. ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ. ನಿನ್ನ ಹತ್ತಿರ ಮುಚ್ಚಿಟ್ಟು ಏನಾಗಬೇಕು?

ನೀನು, ನಾನು, ಭಾವ ಮೂವರೂ ದೊಡ್ಡಬಳ್ಳಾಪುರದಲ್ಲಿ ಆ ಮೀಟಿಂಗ್ ಹುಡುಕಿಕೊಂಡು ಅಲೆದ ದಿನ ನೆನಪಿದೆಯಾ? ದೇವನಹಳ್ಳಿ ಕಡೆ ಏರ್‌ಪೋರ್ಟ್ ಕಟ್ಟುತ್ತಿದ್ದ ಕಾಲ. ಭಾವ ಅಲ್ಲಿಗೆ ಮಣ್ಣು ಹೊಡೆಯುವ ಟಿಪ್ಪರ್ ಓಡಿಸುತ್ತಿದ್ದರು. ಗಾಡಿಯಿಂದ ಇಳಿದರೆ ಕಾಲು ನೇರ ಬಾರಿಗೇ. ಕುಡಿತ ಬಿಟ್ಟವರೆಲ್ಲ ಭಾನುವಾರ ಒಂದು ಶಾಲೆಯಲ್ಲಿ ಸೇರುತ್ತಾರೆ, ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದರು. ಯಾವ ಶಾಲೆ ಎಂದು ಕೇಳುವುದು ನಮಗೆ ಹೊಳೆಯಲೇ ಇಲ್ಲ. ನಾವು ಹೋದ ಶಾಲೆಯ ಗೇಟಿಗೆ ಬೀಗ. ನೀನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹೂ ಮಾರುವವನನ್ನು ಮೆಲ್ಲಗೆ ಕೇಳಿದೆ.

“ಕುಡಿಯೋದ್ ಬಿಡ್ಸೋ ಮೀಟಿಂಗಾ? ಕುಡಿಯೋ ಮೀಟಿಂಗ್ ಆದ್ರೆ ಈ ಬೀದೀಲೇ ಮೂರ್ ನಡೀತವೆ ಕಣಮ್ಮಾ!” ಎಂದು ಅವನು ನಕ್ಕ. ಭಾವನೂ ನಕ್ಕರು. ನಗುತ್ತಲೇ ಆ ಮೂರರಲ್ಲಿ ಒಂದಕ್ಕೆ ಹೋಗಿಬಿಟ್ಟರು. “ಬರೋ ವಾರ ಬರೋಣ ಬಿಡೇ” ಎಂದೆ ನೀನು, ಸಮಾಧಾನ ಬೇಕಾಗಿದ್ದದ್ದು ನನಗೇ ಎನ್ನುವ ಹಾಗೆ. ಆ ಬರೋ ವಾರ... ಡೆಂಗಿ ಜ್ವರ ಬಂದು ನೀನು ಮಲಗಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಮನೆಯಲ್ಲಿ ನೆಟ್ಟಗೆ ನಿಲ್ಲುವವರೇ ಇರಲಿಲ್ಲ. ನನಗೆ ಸುದ್ದಿ ಬರುವಷ್ಟರಲ್ಲಿ ಮೂರು ದಿನ ಕಳೆದಿತ್ತು. ನೀನು ಕಣ್ಣು ಮುಚ್ಚಿದಾಗ ನಿನ್ನ ಚೈತ್ರ ಇನ್ನೂ ಒಂದನೇ ಕ್ಲಾಸು.

ನಿನ್ನ ಮಗಳನ್ನು ಹತ್ತು ವರ್ಷ ನಾನೇ ಸಾಕಿದೆ. ಅಷ್ಟರಲ್ಲಿ ಭಾವ ರತ್ನಾಳನ್ನು ಮದುವೆಯಾದರು. ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸಿನಲ್ಲಿ ನನ್ನ ಲೈನಿನಲ್ಲೇ ಕಾಲರ್ ಹೊಲಿಯುತ್ತಿದ್ದ ಹುಡುಗಿ, ಗಂಡ ತೀರಿಕೊಂಡವಳು. “ತುಂಬಾ ಕುಡೀತಾರೆ, ನೋಡ್ಕೊ” ಎಂದು ನಾನೇ ಎಚ್ಚರಿಸಿದ್ದೆ. “ಗೊತ್ತು ಅಕ್ಕಾ” ಎಂದಳು. ಸರಿ, ಅನುಭವಿಸಲಿ ಎಂದುಕೊಂಡೆ. ಎಂಥ ಮನಸ್ಸು ನನ್ನದು, ನೋಡು.

ಹೋದ ತಿಂಗಳು ಭಾವ ಫೋನ್ ಮಾಡಿದರು. “ಒಂದ್ ವರ್ಷ ಆಯ್ತು ಸುಶೀಲಾ. ಮೀಟಿಂಗ್‌ಗೆ ಮನೆಯವ್ರೂ ಬರ್ಬೋದಂತೆ, ನೀನೂ ಬಾರಮ್ಮ.” ಹೋದೆ. ಅದು ಎಲ್ಲಿ ಗೊತ್ತಾ? ನಾವು ಬೀಗ ನೋಡಿ ಹಿಂದಿರುಗಿದೆವಲ್ಲ, ಆ ಶಾಲೆಯ ಹಿಂದಿನ ಬೀದಿ. ಅಲ್ಲಿ ಇನ್ನೊಂದು ಶಾಲೆ. ಟೀ ಕೊಡುತ್ತಿದ್ದ ಹಿರಿಯರನ್ನು ಕೇಳಿದೆ. “ಏರ್‌ಪೋರ್ಟ್ ಬರೋಕ್ ಮುಂಚಿಂದ ಇದೇ ರೂಮಮ್ಮ” ಎಂದರು. ಅವತ್ತು ಇನ್ನೊಬ್ಬರನ್ನು ಕೇಳಿದ್ದರೆ...

ಮಕ್ಕಳ ಬೆಂಚಿನಲ್ಲಿ ದೊಡ್ಡವರೆಲ್ಲ ಮೊಣಕಾಲು ಮಡಿಸಿಕೊಂಡು ಕುಳಿತಿದ್ದರು. ಭಾವ ಇಸ್ತ್ರಿ ಶರಟು ಹಾಕಿಕೊಂಡು ಎದ್ದು ನಿಂತರು. “ನಾನು ಕೃಷ್ಣಪ್ಪ, ಕುಡುಕ. ಒಂದ್ ವರ್ಷದಿಂದ ಮುಟ್ಟಿಲ್ಲ. ಅದಕ್ಕೆ ನಮ್ ರತ್ನ ಕಾರಣ” ಎಂದರು. ನಮ್ ರತ್ನ! ನಿನ್ನನ್ನು ಅವರು ‘ಲೇ’ ಎನ್ನದೆ ಹೆಸರು ಹಿಡಿದು ಕರೆದದ್ದು ಯಾವಾಗ? ನಿನ್ನ ಸುದ್ದಿಯನ್ನೇ ಎತ್ತಲಿಲ್ಲ. ರತ್ನಾಳ ಕೆನ್ನೆ ತುಂಬಿಕೊಂಡಿದೆ ಅಕ್ಕಾ. ಅವಳ ಚೀಲವನ್ನು ಬಸ್ ಸ್ಟ್ಯಾಂಡಿನಿಂದ ಅವರೇ ಹೊತ್ತು ತಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟುವಾಗ ಅವಳು ಅತ್ತಳು. “ಅಳ್ಬೇಡಮ್ಮಾ” ಎಂದು ಚೈತ್ರ ಅವಳ ಕಣ್ಣೊರೆಸಿದಳು. ಭಾವ ನೆಟ್ಟಗಾದ ಮೇಲೆ ಮಗು ಅವರ ಮನೆಯಲ್ಲೇ ಇದೆ. ಸಾಕಿದ ನಾನು ಇವತ್ತಿಗೂ ಚಿಕ್ಕಮ್ಮ. ನಿನ್ನ ಪರವಾಗಿ ಉರಿದೆನೋ, ನನಗಾಗಿಯೇ ಉರಿದೆನೋ...

ಹೊರಗೆ ಬಂದಾಗ ತಡೆಯಲಾಗಲಿಲ್ಲ. “ನಮ್ಮಕ್ಕ ಮಾಡ್ದೇ ಇದ್ದಿದ್ದು ನೀನೇನ್ ಮಾಡ್ದೆ ರತ್ನಾ?” ಎಂದು ಕೇಳಿಬಿಟ್ಟೆ.

ಅವಳಿಗೆ ಸಿಟ್ಟು ಬರಲಿಲ್ಲ. “ಏನೂ ಮಾಡ್ಲಿಲ್ಲ ಅಕ್ಕಾ. ಒಂದಿನ ಕೈ ಎತ್ತಿದ್ರು. ಬಟ್ಟೆ ತುಂಬ್ಕೊಂಡು ತ್ಯಾಮಗೊಂಡ್ಲಿಗೆ ಹೋಗ್ಬಿಟ್ಟೆ, ನಮ್ಮವ್ವನ ಮನೆಗೆ. ಕರಿಯೋಕ್ ಬಂದ್ರೆ ಅವ್ವ ಬಾಗ್ಲೇ ತೆಗೀಲಿಲ್ಲ. ‘ಕುಡ್ಕೊಂಡ್ ಬರೋರ್ಗೆ ಇಲ್ಲಿ ಹೆಂಡ್ತಿ ಇಲ್ಲ’ ಅಂದ್ಲು. ನಾಲ್ಕ್ ತಿಂಗ್ಳು ಹಂಗೇ ಇದ್ದೆ. ಆಮೇಲೆ ಅವ್ರೇ ಈ ಜಾಗ ಹುಡುಕ್ಕೊಂಡ್ ಬಂದ್ರಂತೆ.”

ಅವಳಿಗೆ ಬೆನ್ನು ಹಾಕಿ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ. ಯಾಕೆಂದು ನಿನಗೆ ಗೊತ್ತು, ನಿನಗೊಬ್ಬಳಿಗೇ. ನೀನೂ ಒಂದು ಸಲ ಬಟ್ಟೆ ತುಂಬಿಕೊಂಡು, ಚೈತ್ರಾಳ ಕೈ ಹಿಡಿದು ನನ್ನ ಮನೆಗೆ ಬಂದಿದ್ದೆ. ಅಪ್ಪ ಅಮ್ಮ ಇಲ್ಲದ ನಿನಗೆ ತವರು ಎಂದರೆ ನಾನೇ ತಾನೆ? ಮೂರನೆಯ ದಿನ ಉಪ್ಪಿಟ್ಟು ಬಡಿಸುತ್ತಾ ಹೇಳಿದೆ, “ಭಾವ ಒಬ್ರೇ ಇದಾರೆ, ಹೋಗಕ್ಕಾ. ಬೀದಿಯವ್ರು ಏನಂದ್ಕೋತಾರೆ?” ನೀನು ಬಡಿಸಿದ್ದನ್ನು ಪೂರ್ತಿ ತಿಂದು, ತಟ್ಟೆ ತೊಳೆದಿಟ್ಟು, ಮಧ್ಯಾಹ್ನದ ಬಸ್ಸಿಗೆ ಹೊರಟೆ. ಇಷ್ಟು ವರ್ಷ ಭಾವನನ್ನು ಬೈದುಕೊಂಡೇ ಬದುಕಿದೆ. ಈಗ ನನಗೆ ಹೊಟ್ಟೆಕಿಚ್ಚು ರತ್ನಾಳ ಗಂಡನ ಮೇಲಲ್ಲ, ಬಾಗಿಲು ತೆಗೆಯದ ಅವಳ ಅವ್ವನ ಮೇಲೆ.

ಆ ಮೀಟಿಂಗಿನ ಪಕ್ಕದ ಕೋಣೆಯಲ್ಲಿ ಕುಡಿಯುವವರ ಮನೆಯವರೂ ಸೇರುತ್ತಾರೆ. ಈ ಭಾನುವಾರ ಅಲ್ಲಿಗೆ ಒಬ್ಬಳೇ ಹೋದೆ. ರತ್ನ ಸರಿದು ಜಾಗ ಮಾಡಿಕೊಟ್ಟಳು. ನಾನು ಎದುರಿನ ಬೆಂಚಿನಲ್ಲಿ ಕುಳಿತೆ. ಅಷ್ಟು ಬೇಗ ಹೋಗುತ್ತದಾ ಈ ಕಿಚ್ಚು? ನನ್ನ ಸರದಿ ಬಂದಾಗ ಎದ್ದು ನಿಂತೆ. “ನಾನ್ ಸುಶೀಲ. ನಮ್ಮಕ್ಕ ಗಂಡನ್ ಬಿಟ್ಟು ನಮ್ಮನೆಗ್ ಬಂದಿದ್ಲು. ನಾನೇ ವಾಪಸ್ ಕಳಿಸ್ಬಿಟ್ಟೆ” ಎಂದೆ. ನನ್ನ ಗಂಡನಿಗೂ ಹೇಳದಿದ್ದ ಮಾತು.

ಅಲ್ಲಿ ಒಬ್ಬರನ್ನೊಬ್ಬರು ಬೈಯುವ ಹಾಗಿಲ್ಲವಂತೆ. ಬರುವ ಭಾನುವಾರವೂ ಹೋಗುತ್ತೇನೆ. ಆದರೆ ಅಕ್ಕಾ, ಅವತ್ತು ತಟ್ಟೆ ತೊಳೆಯುವಾಗ ನೀನಾದರೂ ನನ್ನನ್ನು ಬೈಯಬಾರದಿತ್ತಾ?

ನಿನ್ನ ಸುಶಿ