ಮುಚ್ಚಳದ ಮೇಲೆ ಒಂದೇ ಪದ

ಹುಬ್ಬಳ್ಳಿ, ಫೆಬ್ರುವರಿ ಮೂವತ್ತು, ೨೨೮೯

ಎರಡೂವರೆ ಶತಮಾನದ ಹಿಂದಿನ ಹಿರಿಯರಿಗೆ ರುದ್ರಾಣಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಕಲಿತದ್ದು ಹಳೆಯ ಅಡುಗೆ ಪುಸ್ತಕಗಳಿಂದ. ನಾನೊಬ್ಬ ಜೀವಪಾಠಿ. ಎಂದರೆ ಓಣಿ ಓಣಿಗೆ ಹೋಗಿ, ಕಟ್ಟೆಯ ಮೇಲೆ ಕೂತು, ಕಣ್ಣಿಗೆ ಕಾಣದ ಜೀವಿಗಳ ವಿಷಯವನ್ನು ಜನರಿಗೆ ಬಿಡಿಸಿ ಹೇಳುವವಳು. ಜನ ಆಕಳಿಸುತ್ತ ಕೇಳುತ್ತಾರೆ. ನಾನೂ ಹೇಳುತ್ತೇನೆ.

ನೀವು ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬಿಟ್ಟು ಮಲಗುವವರು. ಆ ಚಮಚದಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ, ಆ ಹುಳಿಗೆ ಹಾಲಿನ ಪ್ರೋಟೀನು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ. ಬೆಳಿಗ್ಗೆ ನೀವು ಉಣ್ಣುವುದು ಆ ಮೊಸರನ್ನು. ಅದರಲ್ಲೇ ಒಂದು ಚಮಚ ಉಳಿಸಿದರೆ ನಾಳೆಗೂ ಆಯಿತು, ಮೊಮ್ಮಕ್ಕಳಿಗೂ ಆಯಿತು. ನಮಗೆ ಸಿಗುವುದು ಒಂದಾಟದ ಮೊಸರು. ಅದರ ಜೀವಿಗಳು ಒಮ್ಮೆ ಹಾಲನ್ನು ಗಟ್ಟಿ ಮಾಡಿ ಸಾಯುವಂತೆ ಅವುಗಳ ಜೀನುಗಳನ್ನು ತಿದ್ದಲಾಗಿದೆ. ಮರಿ ಹಾಕುವುದಿಲ್ಲ, ಹೊಟ್ಟೆಯಲ್ಲಿ ನೆಲೆಸುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಒಂದು ಜ್ವರ ಬಂದು ಊರೂರೇ ಖಾಲಿಯಾದ ಮೇಲೆ, ತಾನಾಗಿ ಬೆಳೆಯುವ ಜೀವಿ ಎಂದರೆ ಜನರಿಗೆ ಅಷ್ಟು ಹೆದರಿಕೆ. ರುಚಿಗೇನೂ ಕೊರತೆಯಿಲ್ಲ.

ನನ್ನ ಮಗಳು ಹೊನ್ನಿಗೆ ನಾಲ್ಕು ವರ್ಷ. ಮಳೆಗಾಲದಲ್ಲಿ ಅವಳಿಗೆ ಕೊಟ್ಟ ಔಷಧಿ ರೋಗದ ಕ್ರಿಮಿಗಳ ಜೊತೆಗೆ ಕರುಳಿನ ಒಳ್ಳೆಯ ಜೀವಿಗಳನ್ನೂ ಕೊಂದಿತು. ಅಂದಿನಿಂದ ಉಂಡದ್ದು ಒಳಗೆ ನಿಲ್ಲುವುದಿಲ್ಲ. ಎಲ್ಲಿಯಾದರೂ ಜೀವಂತ ಮೊಸರು ಸಿಕ್ಕರೆ ಒಂದು ಕೈ ನೋಡಬಹುದು ಎಂದರು ವೈದ್ಯರು. ನವಲಗುಂದದಲ್ಲಿ ನನ್ನ ಅತ್ತೆ ನೀಲವ್ವನ ಬಳಿ ಅದಿತ್ತು. ತವರಿನಿಂದ ತಂದದ್ದನ್ನು ಒಂದು ದಿನವೂ ಬಿಡದೆ, ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದರು.

ಆದರೆ ಆಸ್ಪತ್ರೆಯೊಳಗೆ ಹೋಗುವುದೆಲ್ಲ ಮೊದಲು ಕ್ರಿಮಿಚಾವಡಿಗೆ ಹೋಗಬೇಕು. ಜೀವಿಗಳನ್ನು ಪರೀಕ್ಷಿಸುವ ಕಚೇರಿ ಅದು. ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲಿ ಒಂದು ಹನಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಅತ್ತೆ ಇದ್ದಷ್ಟನ್ನೂ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ತಮ್ಮ ಕೈಯಾರೆ ‘ಹೆಪ್ಪು’ ಎಂದು ಬರೆದು ಕೊಟ್ಟರು. ಅಲ್ಲಿ ಡಬ್ಬಿಯನ್ನು ತೆರೆಯುವ ಮುನ್ನ ಮುಚ್ಚಳ ಓದಿ ವಿಂಗಡಿಸಬೇಕಾದವನು ಒಂದಾಟದ ಮೊಸರನ್ನು ಉಂಡು ಬೆಳೆದ ಹುಡುಗ. ಮೊಸರಿಗೆ ಹೆಪ್ಪು ಹಾಕುತ್ತಾರೆಂಬುದನ್ನು ಅವನು ಕೇಳಿಯೇ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ಹೆಪ್ಪುಗಟ್ಟಿದ ರಕ್ತ. ರಕ್ತವನ್ನು ಕುದಿಸಿ ಚೆಲ್ಲಬೇಕೆಂಬುದು ನಿಯಮ. ಕುದಿಸಿ ಚೆಲ್ಲಿದ.

ಅವನೇ ನಮ್ಮ ಮನೆಗೆ ಬಂದು ಹೇಳಿದ, “ಅಕ್ಕಾರ, ನಮಗ ಹೆಪ್ಪ ಅಂದ್ರ ರಕ್ತದ್ದೊಂದ ಗೊತ್ತರಿ.” ಅತ್ತೆ ಅವನ ಮುಖ ನೋಡಿದರು. “ಅದು ಮೊಸರಿಂದಪ್ಪಾ,” ಎಂದರು. ಅಷ್ಟೇ. ಆಮೇಲೆ ಅವನಿಗೆ ಕುಡಿಯಲು ನೀರು ಕೊಟ್ಟರು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬಂದಿಲ್ಲ. ಮರುದಿನ ಎಂದಿನಂತೆ ಓಣಿಗೆ ಹೋಗಿ ಪಾಠ ಹೇಳಿದೆ. ಹೊನ್ನಿಗೆ ನಳಿಕೆಯಲ್ಲಿ ಆಹಾರ ಬಿಡುತ್ತಿದ್ದಾರೆ, ಅವಳ ಕೈ ಹಿಡಿದರೆ ಎಲುಬು ತಾಕುತ್ತದೆ. ಅತ್ತೆ ಈಗ ನಮ್ಮ ಮನೆಯಲ್ಲೇ ಇದ್ದಾರೆ. ಸಂಜೆ ಹಾಲು ಕಾಯಿಸಿ, ಆರಿಸಿ, ಏನನ್ನೂ ಬೆರೆಸದೆ ಮುಚ್ಚಿಡುತ್ತಾರೆ. ಬೆಳಿಗ್ಗೆ ಕೆಟ್ಟ ಹಾಲನ್ನು ಚೆಲ್ಲಿ ಪಾತ್ರೆ ತೊಳೆಯುತ್ತಾರೆ. ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ.

ನಿಮ್ಮ ಹೆಪ್ಪು ನನಗೆ ನೇರವಾಗಿ ತಲುಪಲಾರದು, ಬಲ್ಲೆ. ಆದ್ದರಿಂದ ಪಕ್ಕದ ಮನೆಯವರಿಗೆ ಕೊಡಿ. ದೀಪ ಹಚ್ಚಿದ ಮೇಲೆ ಮೊಸರು ಕೊಡಬಾರದು ಎನ್ನುತ್ತೀರಂತೆ. ಆ ಹೊತ್ತಿನಲ್ಲಿ ಕೇಳಿದರೂ ಕೊಡಿ. ಅವರು ಇನ್ನೊಬ್ಬರಿಗೆ ಕೊಡಲಿ. ಹಾಗೆ ಕೈಯಿಂದ ಕೈಗೆ ದಾಟುತ್ತ ಬಂದರೆ ನಮ್ಮ ಓಣಿಯಲ್ಲಿ ಯಾರದಾದರೂ ಮನೆಯಲ್ಲಿ ಒಂದು ಚಮಚ ಉಳಿದಿರಬಹುದು. ಮುಚ್ಚಳದ ಮೇಲೆ ಮಾತ್ರ ‘ಮೊಸರಿನ ಹೆಪ್ಪು’ ಎಂದು ಪೂರ್ತಿ ಬರೆಯಿರಿ.

ನಿಮಗೆ ಎರಡೂವರೆ ಶತಮಾನ ಸಮಯವಿದೆ. ಹೊನ್ನಿಗೆ ಅಷ್ಟಿಲ್ಲ.